ಪದವಿ, ಇಂಟರ್ನ್‌ಶಿಪ್, ಹಳೆಯ ವಿದ್ಯಾರ್ಥಿಗಳ ಬಳಗ: ಮೂರನ್ನೂ ಒಂದೇ ಹಾದಿಗೆ ತರುವ ಬಗೆ

ಕೊನೆಯ ವರ್ಷದ ವಿದ್ಯಾರ್ಥಿಗಳ ರೆಸ್ಯೂಮೆಗಳನ್ನು ಹಲವು ವರ್ಷ ತಿದ್ದಿಕೊಟ್ಟ ಮೇಲೆ ನನಗೆ ಒಂದು ವಿಷಯ ಖಚಿತವಾಗಿದೆ. ವಿದ್ಯಾರ್ಥಿಯ ವೃತ್ತಿ ರೂಪುಗೊಳ್ಳುವುದು ತರಗತಿಯ ಪಾಠದಿಂದ ಎಷ್ಟೋ, ಆತ ಅಥವಾ ಆಕೆ ಕೆಲಸ ಮಾಡುವುದನ್ನು ಕಣ್ಣಾರೆ ಕಂಡ ಜನರಿಂದಲೂ ಅಷ್ಟೇ. ಯಾವ ವಿಷಯದಲ್ಲಿ ಎಷ್ಟು ಅಂಕ ಬಂದಿದೆ ಎಂಬುದನ್ನು ಅಂಕಪಟ್ಟಿ ಹೇಳುತ್ತದೆ. ಆದರೆ ಹಿಂದೆಂದೂ ಕಂಡಿರದ ಸಮಸ್ಯೆ ಕೈಗೆ ಬಂದಾಗ ಈ ವ್ಯಕ್ತಿ ಎಲ್ಲಿಂದ ಶುರು ಮಾಡುತ್ತಾರೆ, ತಪ್ಪಾದಾಗ ಒಪ್ಪಿಕೊಳ್ಳುತ್ತಾರೆಯೇ, ಹೇಳಿದ ದಿನಕ್ಕೆ ಕೆಲಸ ಮುಗಿಸುತ್ತಾರೆಯೇ ಎಂಬುದನ್ನು ಹೇಳಬಲ್ಲವರು ಜೊತೆಗಿದ್ದು ನೋಡಿದವರು ಮಾತ್ರ.

ಅಂಥವರು ವಿದ್ಯಾರ್ಥಿಗೆ ಮೂರು ಕಡೆ ಸಿಗುತ್ತಾರೆ: ವಿಭಾಗದಲ್ಲಿ ಅಧ್ಯಾಪಕರು, ಇಂಟರ್ನ್‌ಶಿಪ್‌ನಲ್ಲಿ ಮೇಲ್ವಿಚಾರಕರು, ಅದೇ ವಿಭಾಗದಲ್ಲಿ ಓದಿ ಹೊರಗೆ ಹೋದ ಹಳೆಯ ವಿದ್ಯಾರ್ಥಿಗಳು. ಮೊದಲು ಓದು, ಆಮೇಲೆ ಇಂಟರ್ನ್‌ಶಿಪ್, ಕೆಲಸ ಸಿಗದೆ ಹೋದರೆ ಕೊನೆಗೆ ಹಳೆಯ ವಿದ್ಯಾರ್ಥಿಗಳು ಎಂದು ಇವುಗಳನ್ನು ಸಾಲಾಗಿ ನಿಲ್ಲಿಸುವುದೇ ನಾನು ಅತಿ ಹೆಚ್ಚು ಕಂಡ ತಪ್ಪು. ಈ ಮೂರೂ ಮೊದಲ ವರ್ಷದಿಂದಲೇ ಒಂದಕ್ಕೊಂದು ಹೊಂದಿಕೊಂಡು ಸಾಗಬೇಕು. ಅದನ್ನು ಮಾಡುವ ಬಗೆಯನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ವಿವರಿಸಿದ್ದೇನೆ.

ಮೊದಲ ಹೆಜ್ಜೆ: ಪಠ್ಯಕ್ರಮವನ್ನು ಕೊನೆಯಿಂದ ಮೊದಲಿಗೆ ಓದಿ

ಪದವಿಗೆ ಸೇರಿದ ಮೊದಲ ತಿಂಗಳಲ್ಲೇ ಪೂರ್ತಿ ಪಠ್ಯಕ್ರಮವನ್ನು ತೆಗೆದುಕೊಂಡು ಕೊನೆಯ ಸೆಮಿಸ್ಟರ್‌ನ ಪುಟದಿಂದ ಹಿಂದಕ್ಕೆ ಓದುತ್ತಾ ಬನ್ನಿ. ಕೊನೆಯ ವರ್ಷದ ಪ್ರಾಜೆಕ್ಟ್ ಯಾವ ಬಗೆಯದು, ಅದಕ್ಕೆ ಯಾವ ಐಚ್ಛಿಕ ವಿಷಯ ಬೇಕು, ಆ ಐಚ್ಛಿಕ ವಿಷಯಕ್ಕೆ ಸೇರಲು ಮೊದಲೇ ಯಾವುದನ್ನು ಓದಿ ಮುಗಿಸಿರಬೇಕು ಎಂದು ಗುರುತು ಹಾಕಿಕೊಳ್ಳಿ. ಮೂರನೆಯ ವರ್ಷದಲ್ಲಿ ದತ್ತಾಂಶ ವಿಶ್ಲೇಷಣೆಯನ್ನು ಆರಿಸಿಕೊಳ್ಳಬೇಕೆಂದಿದ್ದ ವಿದ್ಯಾರ್ಥಿ, ಅದಕ್ಕೆ ಬೇಕಾದ ಸಂಭವನೀಯತೆಯ ಪತ್ರಿಕೆಯನ್ನು ಎರಡನೆಯ ವರ್ಷದಲ್ಲಿ ಬಿಟ್ಟುಬಿಟ್ಟಿದ್ದರೆ, ಆ ಬಾಗಿಲು ಮುಚ್ಚಿದ್ದು ಆತನಿಗೆ ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ.

ನಂತರ ನಿಮಗೆ ಆಸಕ್ತಿಯಿರುವ ಬಗೆಯ ಇಪ್ಪತ್ತು ಉದ್ಯೋಗ ಪ್ರಕಟಣೆಗಳನ್ನು ಒಟ್ಟುಮಾಡಿ, ಅವುಗಳಲ್ಲಿ ಬರುವ ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ. ವಿನ್ಯಾಸಗೊಳಿಸುವುದು, ಪರೀಕ್ಷಿಸುವುದು, ವರದಿ ಬರೆಯುವುದು, ಗ್ರಾಹಕರೊಡನೆ ಮಾತನಾಡುವುದು: ಇವುಗಳಲ್ಲಿ ಯಾವುದನ್ನು ನಿಮ್ಮ ಪಠ್ಯಕ್ರಮ ನಿಜವಾಗಿ ಮಾಡಿಸುತ್ತದೆ, ಯಾವುದನ್ನು ಬರೀ ಓದಿಸುತ್ತದೆ, ಯಾವುದರ ಸುದ್ದಿಗೇ ಹೋಗುವುದಿಲ್ಲ ಎಂದು ಮೂರು ಪಟ್ಟಿ ಮಾಡಿ. ಮೂರನೆಯ ಪಟ್ಟಿಯಲ್ಲಿ ಉಳಿದದ್ದನ್ನು ಇಂಟರ್ನ್‌ಶಿಪ್‌ನಲ್ಲಿ ಹುಡುಕಬೇಕು. ಇಂಟರ್ನ್‌ಶಿಪ್ ಆಯ್ಕೆಗೆ ಇದಕ್ಕಿಂತ ಒಳ್ಳೆಯ ಆಧಾರವನ್ನು ನಾನು ಕಂಡಿಲ್ಲ.

ಕ್ರೆಡಿಟ್‌ಗಳ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. ಯೂರೋಪಿನ ಕ್ರೆಡಿಟ್ ಪದ್ಧತಿಯಲ್ಲಿ ಪೂರ್ಣಾವಧಿ ಓದಿನ ಒಂದು ವರ್ಷಕ್ಕೆ 60 ಕ್ರೆಡಿಟ್, ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಗಳ ಶ್ರಮ. ಆ ಲೆಕ್ಕದಲ್ಲಿ 6 ಕ್ರೆಡಿಟ್‌ಗಳ ಪ್ರಾಜೆಕ್ಟ್ ಎಂದರೆ 150ರಿಂದ 180 ಗಂಟೆ. ವಾರಕ್ಕೆ 40 ಗಂಟೆಯಂತೆ 12 ವಾರ ನಡೆಯುವ ಇಂಟರ್ನ್‌ಶಿಪ್‌ನಲ್ಲಿ 480 ಗಂಟೆಗಳಾಗುತ್ತವೆ. ಒಂದೇ ಒಂದು ಇಂಟರ್ನ್‌ಶಿಪ್ ಅಂಥ ಎರಡೂವರೆ ಪ್ರಾಜೆಕ್ಟ್‌ಗಳಿಗೂ ಮಿಕ್ಕಿದ ಸಮಯವನ್ನು ಕೊಡುತ್ತದೆ ಎಂಬುದು ಕಣ್ಣಿಗೆ ಬಿದ್ದಾಗ, ಅದನ್ನು ಕೊನೆಯ ಗಳಿಗೆಯ ಔಪಚಾರಿಕತೆಯಂತೆ ಮುಗಿಸಿಬಿಡುವ ಮನಸ್ಸು ಬಾರದು.

ಎಂಜಿನಿಯರಿಂಗ್ ಓದುವವರು ಇನ್ನೊಂದನ್ನು ನೋಡಿಕೊಳ್ಳಬೇಕು. 1989ರಲ್ಲಿ ಆರಂಭವಾದ ವಾಷಿಂಗ್ಟನ್ ಒಪ್ಪಂದದಡಿ, ಸದಸ್ಯ ದೇಶಗಳ ಮಾನ್ಯತಾ ಮಂಡಳಿಗಳು ಮಾನ್ಯ ಮಾಡಿದ ಪದವಿಗಳನ್ನು ಉಳಿದ ಸದಸ್ಯ ಮಂಡಳಿಗಳು ಸರಿಸಮಾನವೆಂದು ಪರಿಗಣಿಸುತ್ತವೆ. ಈ ಮಾನ್ಯತೆ ಸಿಗುವುದು ಕಾಲೇಜಿಗೆ ಇಡಿಯಾಗಿ ಅಲ್ಲ, ಒಂದೊಂದು ಕೋರ್ಸಿಗೆ ಬೇರೆಬೇರೆಯಾಗಿ. ಹೊರದೇಶದಲ್ಲಿ ವೃತ್ತಿ ಮಾಡುವ ಯೋಚನೆಯಿದ್ದರೆ ನಿಮ್ಮ ಕೋರ್ಸಿನ ಹೆಸರು ಹೀಗೆ ಮಾನ್ಯತೆ ಪಡೆದ ಕೋರ್ಸುಗಳ ಪಟ್ಟಿಯಲ್ಲಿದೆಯೇ ಎಂದು ಸೇರುವ ಮೊದಲೇ ನೋಡಿ.

ಎರಡನೆಯ ಹೆಜ್ಜೆ: ಒಬ್ಬರಾದರೂ ಅಧ್ಯಾಪಕರಿಗೆ ನಿಮ್ಮ ಕೆಲಸ ಗೊತ್ತಿರಲಿ

ಇದಕ್ಕೆ ಹೆಚ್ಚು ಮಾತು ಬೇಕಿಲ್ಲ. ಎಲ್ಲ ಅಧ್ಯಾಪಕರಿಗೂ ಪರಿಚಿತರಾಗಿರಬೇಕೆಂಬ ಹಟ ಬೇಡ. ನಿಮಗೆ ನಿಜವಾಗಿ ಹಿಡಿಸಿದ ಒಂದು ವಿಷಯದ ಅಧ್ಯಾಪಕರ ಬಳಿಗೆ ಸೆಮಿಸ್ಟರ್‌ಗೆ ಎರಡು ಮೂರು ಬಾರಿ ಪ್ರಶ್ನೆಯೊಡನೆ ಹೋಗಿ. ನೀವಾಗಿಯೇ ಪ್ರಯತ್ನಿಸಿ ಎಲ್ಲಿ ಸಿಕ್ಕಿಕೊಂಡಿರಿ ಎಂಬುದನ್ನು ಕಾಗದದ ಮೇಲೆ ಬರೆದುಕೊಂಡು ಹೋಗಿ. ಹಾಗೆ ಬಂದ ವಿದ್ಯಾರ್ಥಿಯ ಬಗ್ಗೆ ಶಿಫಾರಸು ಪತ್ರ ಬರೆಯುವುದು ಸುಲಭ, ಏಕೆಂದರೆ ಬರೆಯಲು ಘಟನೆಗಳಿರುತ್ತವೆ. ಬರೀ ‘ಶ್ರಮಜೀವಿ, ಪ್ರಾಮಾಣಿಕ’ ಎಂದಷ್ಟೇ ಬರೆದ ಪತ್ರವನ್ನು ಓದುವವರು, ಬರೆದವರಿಗೆ ಈ ವಿದ್ಯಾರ್ಥಿಯ ಪರಿಚಯವೇ ಇಲ್ಲವೆಂದು ತಿಳಿಯುತ್ತಾರೆ.

ಮೂರನೆಯ ಹೆಜ್ಜೆ: ಇಂಟರ್ನ್‌ಶಿಪ್ ಆರಿಸುವಾಗ

ಓದು ಮತ್ತು ಕೆಲಸವನ್ನು ಒಂದಾದ ಮೇಲೊಂದು ಹೆಣೆಯುವ ಪದ್ಧತಿ ಹೊಸದಲ್ಲ. 1906ರಲ್ಲಿ ಅಮೆರಿಕದ ಸಿನ್ಸಿನ್ನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಎಂಬ ಅಧ್ಯಾಪಕರು, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸರದಿಯಂತೆ ಒಮ್ಮೆ ತರಗತಿಯಲ್ಲೂ ಒಮ್ಮೆ ಕಾರ್ಖಾನೆಯಲ್ಲೂ ಇರುವಂತೆ ವ್ಯವಸ್ಥೆ ಮಾಡಿದರು. ತರಗತಿಯಲ್ಲಿ ಕಲಿಸಲಾಗದ ಎಷ್ಟೋ ಸಂಗತಿಗಳು ಕೆಲಸದ ಜಾಗದಲ್ಲಿ ಮಾತ್ರ ತಿಳಿಯುತ್ತವೆ ಎಂಬುದು ಅವರ ನಂಬಿಕೆಯಾಗಿತ್ತು. 1957ರಲ್ಲಿ ಆರಂಭವಾದ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯ ಇದೇ ವಿಚಾರವನ್ನು ಬುನಾದಿಯಾಗಿ ಇಟ್ಟುಕೊಂಡು ಬೆಳೆಯಿತು. ಅಲ್ಲಿ ನಾಲ್ಕು ತಿಂಗಳ ಓದಿನ ಅವಧಿಗಳ ನಡುವೆ ನಾಲ್ಕು ತಿಂಗಳ ಕೆಲಸದ ಅವಧಿಗಳು ಬರುತ್ತವೆ. ಇಂಥ ಪದ್ಧತಿಯ ನಿಜವಾದ ಬಲವಿರುವುದು ಮರಳಿ ಬರುವುದರಲ್ಲಿ. ಕೆಲಸದಲ್ಲಿ ಕಂಡ ತೊಡಕನ್ನು ತಲೆಯಲ್ಲಿಟ್ಟುಕೊಂಡು ತರಗತಿಗೆ ಬಂದ ವಿದ್ಯಾರ್ಥಿ ಅದೇ ಪಾಠವನ್ನು ಬೇರೆ ಕಿವಿಯಿಂದ ಕೇಳುತ್ತಾಳೆ. ನಿಮ್ಮ ವಿಶ್ವವಿದ್ಯಾಲಯದಲ್ಲಿ ಇಂಥ ವ್ಯವಸ್ಥೆ ಇಲ್ಲದಿದ್ದರೂ ಮೊದಲ ಇಂಟರ್ನ್‌ಶಿಪ್ ಅನ್ನು ಕೊನೆಯ ವರ್ಷಕ್ಕಿಂತ ಮೊದಲೇ ಮುಗಿಸಿಕೊಂಡರೆ ಈ ಲಾಭ ನಿಮಗೂ ಸಿಗುತ್ತದೆ.

ಹುಡುಕಾಟವನ್ನು ಆರು ತಿಂಗಳು ಮುಂಚಿತವಾಗಿ ಆರಂಭಿಸಿ. ದೊಡ್ಡ ಕಂಪನಿಗಳು ಬಹಳ ಮುಂಚೆಯೇ ಅರ್ಜಿ ಕರೆದು ಮುಗಿಸಿಬಿಡುತ್ತವೆ. ಚಿಕ್ಕ ಸಂಸ್ಥೆಗಳು ಎಷ್ಟೋ ಬಾರಿ ಪ್ರಕಟಣೆಯನ್ನೇ ಹೊರಡಿಸದೆ, ಕೇಳಿದವರಲ್ಲಿ ಒಬ್ಬರನ್ನು ತೆಗೆದುಕೊಳ್ಳುತ್ತವೆ. ದೊಡ್ಡ ಹೆಸರು ರೆಸ್ಯೂಮೆಯ ಮೇಲೆ ಕಾಣುವುದರಿಂದ ಪ್ರಯೋಜನವಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಆಯ್ಕೆ ನನ್ನ ಕೈಯಲ್ಲಿದ್ದರೆ, ನಿಮ್ಮ ಕೆಲಸವನ್ನು ವಾರಕ್ಕೊಮ್ಮೆಯಾದರೂ ಕುಳಿತು ನೋಡುವ ಒಬ್ಬ ಅನುಭವಿ ಇರುವ ಜಾಗವನ್ನೇ ಆರಿಸಿ ಎನ್ನುತ್ತೇನೆ. ಅದನ್ನು ತಿಳಿಯಲು ಸಂದರ್ಶನದಲ್ಲಿ ಎರಡು ಪ್ರಶ್ನೆ ಕೇಳಿದರೆ ಸಾಕು: ‘ನನ್ನ ಕೆಲಸವನ್ನು ಯಾರು ಪರಿಶೀಲಿಸುತ್ತಾರೆ?’ ಮತ್ತು ‘ಕಳೆದ ಬಾರಿಯ ಇಂಟರ್ನ್ ಕೊನೆಗೆ ಏನನ್ನು ಮಾಡಿ ಮುಗಿಸಿದರು?’ ಎರಡನೆಯ ಪ್ರಶ್ನೆಗೆ ತಡವರಿಸುವವರ ಬಳಿ ಹೆಚ್ಚಾಗಿ ನಿಮಗೆ ಕೊಡಲು ಕೆಲಸವೇ ಇರುವುದಿಲ್ಲ.

ಇಂಟರ್ನ್‌ಶಿಪ್ ಕೊಡುವುದಕ್ಕೆ ನಿಮ್ಮಿಂದಲೇ ಹಣ ಕೇಳುವವರಿಂದ ದೂರವಿರಿ. ಅಲ್ಲಿ ಸಿಗುವ ಪ್ರಮಾಣಪತ್ರದ ಹಿಂದೆ ನಿಮ್ಮ ಕೆಲಸವನ್ನು ನೋಡಿದ ಮನುಷ್ಯರೇ ಇರುವುದಿಲ್ಲ.

ಸ್ಟೈಪೆಂಡ್ ಇಲ್ಲದ ಇಂಟರ್ನ್‌ಶಿಪ್ ವಿಚಾರದಲ್ಲಿ ದೇಶದಿಂದ ದೇಶಕ್ಕೆ ಕಾನೂನು ಬೇರೆ. ಫ್ರಾನ್ಸ್‌ನಲ್ಲಿ ವಿದ್ಯಾರ್ಥಿ, ಶಿಕ್ಷಣ ಸಂಸ್ಥೆ ಮತ್ತು ಕೆಲಸ ಕೊಡುವ ಸಂಸ್ಥೆ ಈ ಮೂವರೂ ಸಹಿ ಹಾಕಿದ ಒಪ್ಪಂದ ಕಡ್ಡಾಯ. ಎರಡು ತಿಂಗಳಿಗಿಂತ ಹೆಚ್ಚಿನ ಇಂಟರ್ನ್‌ಶಿಪ್‌ಗೆ ಹಣ ಕೊಡಲೇಬೇಕು. ಅಮೆರಿಕದಲ್ಲಿ ಲಾಭಕ್ಕಾಗಿ ನಡೆಯುವ ಕಂಪನಿಗಳ ಮಟ್ಟಿಗೆ, 2018ರಿಂದ ಕಾರ್ಮಿಕ ಇಲಾಖೆ ಏಳು ಅಂಶಗಳನ್ನು ಮುಂದಿಟ್ಟುಕೊಂಡು ಆ ವ್ಯವಸ್ಥೆಯ ಮುಖ್ಯ ಪ್ರಯೋಜನ ಯಾರಿಗೆ ಎಂದು ನೋಡುತ್ತದೆ: ವಿದ್ಯಾರ್ಥಿಗೋ, ಕಂಪನಿಗೋ? ಕಾನೂನು ಏನೇ ಇರಲಿ, ಈ ಪ್ರಶ್ನೆಯನ್ನು ನೀವೂ ಕೇಳಿಕೊಳ್ಳಿ. ವೇತನವಿಲ್ಲದೆ ಮೂರು ತಿಂಗಳು ದುಡಿಯಲು ಮನೆಯ ಪರಿಸ್ಥಿತಿ ಒಪ್ಪದ ವಿದ್ಯಾರ್ಥಿಗಳು ಹೀಗೆಯೇ ಹಿಂದೆ ಬೀಳುತ್ತಾರೆ, ಮತ್ತು ಅದು ಅವರ ಸಾಮರ್ಥ್ಯದ ಕೊರತೆಯಿಂದ ಆದದ್ದಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಅಂಥವರು ವಿಭಾಗದೊಳಗೇ ಅಧ್ಯಾಪಕರ ಸಂಶೋಧನೆಗೆ ಸಹಾಯಕರಾಗುವ, ಗ್ರಂಥಾಲಯ ಅಥವಾ ಪ್ರಯೋಗಾಲಯದಲ್ಲಿ ಸಂಬಳದ ಅರೆಕಾಲಿಕ ಕೆಲಸ ಮಾಡುವ ದಾರಿಗಳನ್ನು ಮೊದಲು ವಿಚಾರಿಸಬೇಕು. ಅಲ್ಲಿಯೂ ನಿಮ್ಮ ಕೆಲಸವನ್ನು ನೋಡುವವರು ಇರುತ್ತಾರೆ.

ನಾಲ್ಕನೆಯ ಹೆಜ್ಜೆ: ಇಂಟರ್ನ್‌ಶಿಪ್‌ನ ದಿನಚರಿ ಬರೆಯಿರಿ

ಮೊದಲ ವಾರದಲ್ಲೇ ಮೇಲ್ವಿಚಾರಕರೊಡನೆ ಕುಳಿತು, ಕೊನೆಯ ದಿನ ನಿಮ್ಮ ಕೈಯಲ್ಲಿ ಮುಗಿದಿರಬೇಕಾದ ಒಂದು ಕೆಲಸ ಯಾವುದೆಂದು ಗೊತ್ತುಮಾಡಿಕೊಳ್ಳಿ. ಆಮೇಲೆ ಪ್ರತಿದಿನ ಹತ್ತು ನಿಮಿಷ ದಿನಚರಿ ಬರೆಯಿರಿ. ಎಷ್ಟು ವಿವರವಾಗಿ ಬರೆಯಬೇಕೆಂದು ತೋರಿಸಲು ಒಂದು ಮಾದರಿ:

‘ಮಂಗಳವಾರ. ಗ್ರಾಹಕರ ದೂರುಗಳ ಪಟ್ಟಿಯನ್ನು ವಿಂಗಡಿಸಲು ಹೇಳಿದರು. 412 ಸಾಲುಗಳಲ್ಲಿ 37 ಎರಡೆರಡು ಬಾರಿ ಬಂದಂತೆ ಕಂಡವು. ಅಳಿಸುವ ಮೊದಲು ಕೇಳಿದೆ. ಅವು ನಕಲು ಸಾಲುಗಳಲ್ಲ, ದೂರು ಬಗೆಹರಿಯದೆ ಅದೇ ಗ್ರಾಹಕರು ಮತ್ತೆ ಮಾಡಿದ ಕರೆಗಳು ಎಂದು ತಿಳಿಯಿತು. ಅಳಿಸಿದ್ದರೆ ಮುಖ್ಯವಾದ ಮಾಹಿತಿಯೇ ಹೋಗುತ್ತಿತ್ತು. ನಾಳೆ ಈ 37ರಲ್ಲಿ ಯಾವ ಬಗೆಯ ದೂರು ಹೆಚ್ಚು ಎಂದು ನೋಡಬೇಕು.’

ಈ ಏಳೆಂಟು ಸಾಲುಗಳಿಂದ ಏನೆಲ್ಲ ಹುಟ್ಟುತ್ತದೆ ನೋಡಿ. ‘ಡೇಟಾ ವಿಶ್ಲೇಷಣೆಯಲ್ಲಿ ಅನುಭವ’ ಎಂಬ ಪೊಳ್ಳು ಮಾತಿನ ಬದಲು, ‘412 ದೂರುಗಳನ್ನು ವಿಂಗಡಿಸಿ, ಬಗೆಹರಿಯದೆ ಮರಳಿ ಬಂದ 37 ದೂರುಗಳನ್ನು ಪ್ರತ್ಯೇಕವಾಗಿ ವರದಿ ಮಾಡಿದೆ’ ಎಂದು ರೆಸ್ಯೂಮೆಯಲ್ಲಿ ಬರೆಯಬಹುದು. ‘ನೀವು ತಪ್ಪು ಮಾಡುವ ಹಂತದಲ್ಲಿ ಎಚ್ಚೆತ್ತುಕೊಂಡ ಸಂದರ್ಭ ಹೇಳಿ’ ಎಂದು ಸಂದರ್ಶಕರು ಕೇಳಿದರೆ ಉತ್ತರ ಸಿದ್ಧವಿರುತ್ತದೆ. ವಿಶ್ವವಿದ್ಯಾಲಯಕ್ಕೆ ಸಲ್ಲಿಸಬೇಕಾದ ವರದಿಯೂ ಅರ್ಧ ಮುಗಿದಂತೆಯೇ. ಗ್ರಾಹಕರ ಹೆಸರು, ಒಳಗಿನ ಲೆಕ್ಕಪತ್ರ, ಗೋಪ್ಯ ವಿವರಗಳನ್ನು ಮಾತ್ರ ದಿನಚರಿಗೆ ತರಬೇಡಿ. ಒಳಗಿನ ಅಂಕಿಗಳನ್ನು ಹೊರಗೆ ಹೇಳುವ ಮುನ್ನ ಮೇಲ್ವಿಚಾರಕರ ಒಪ್ಪಿಗೆ ಪಡೆಯಿರಿ.

ಅವಧಿಯ ನಡುಭಾಗದಲ್ಲಿ ಒಮ್ಮೆ, ‘ನಾನು ಯಾವುದನ್ನು ಬೇರೆ ರೀತಿ ಮಾಡಬೇಕು?’ ಎಂದು ಕೇಳಿ. ಕೊನೆಯ ದಿನ ಕೇಳಿದರೆ ಒಳ್ಳೆಯ ಮಾತುಗಳು ಬರುತ್ತವೆ, ತಿದ್ದಿಕೊಳ್ಳಲು ಸಮಯ ಇರುವುದಿಲ್ಲ. ಬಿಟ್ಟು ಬರುವ ಮುನ್ನ, ನಿಮ್ಮ ಕೆಲಸವನ್ನು ಮುಂದೆ ಯಾರಾದರೂ ಕೈಗೆತ್ತಿಕೊಂಡರೆ ಅವರಿಗೆ ಬೇಕಾಗುವ ಒಂದು ಪುಟದ ಟಿಪ್ಪಣಿ ಬರೆದುಕೊಡಿ. ನೀವು ಹೋದ ಮೇಲೂ ಅಲ್ಲಿ ನಿಮ್ಮ ಪರವಾಗಿ ಮಾತನಾಡುವುದು ಆ ಪುಟ.

ಇಂಟರ್ನ್‌ಶಿಪ್ ಮುಗಿದ ಮೇಲೆ ‘ಈ ಕ್ಷೇತ್ರ ನನಗೆ ಒಗ್ಗುವುದಿಲ್ಲ’ ಎಂದು ಅನ್ನಿಸಿದರೆ ಅದನ್ನು ಸೋಲೆಂದು ಎಣಿಸಬೇಡಿ. ಪ್ರಯೋಗಾಲಯದ ಸಂಶೋಧನೆಯೇ ತನ್ನ ಬದುಕು ಎಂದುಕೊಂಡಿದ್ದ ವಿದ್ಯಾರ್ಥಿನಿಯೊಬ್ಬಳು ಎರಡು ತಿಂಗಳ ಬಳಿಕ ನನ್ನ ಮುಂದೆ ಕುಳಿತು, ತನಗೆ ಖುಷಿ ಕೊಟ್ಟದ್ದು ಹೊಸಬರಿಗೆ ಉಪಕರಣ ಬಳಸುವುದನ್ನು ಕಲಿಸಿದ ದಿನಗಳು ಮಾತ್ರ ಎಂದಳು. ಆ ಮಾತಿನ ಮೇಲೆ ಅವಳು ಕೊನೆಯ ವರ್ಷದ ಐಚ್ಛಿಕ ವಿಷಯಗಳನ್ನೇ ಬದಲಿಸಿಕೊಂಡಳು. ಎರಡು ತಿಂಗಳಲ್ಲಿ ತಿಳಿದದ್ದು ಹತ್ತು ವರ್ಷಗಳ ನಂತರ ತಿಳಿದಿದ್ದರೆ ಎಷ್ಟು ಕಷ್ಟವಾಗುತ್ತಿತ್ತು.

ಐದನೆಯ ಹೆಜ್ಜೆ: ಹಳೆಯ ವಿದ್ಯಾರ್ಥಿಗಳನ್ನು ಹುಡುಕುವುದು

ಹಳೆಯ ವಿದ್ಯಾರ್ಥಿಗಳ ಸಂಘಗಳು ಹುಟ್ಟಿದ್ದು ಕೆಲಸ ಕೊಡಿಸುವುದಕ್ಕಲ್ಲ. 1821ರಲ್ಲಿ ಅಮೆರಿಕದ ವಿಲಿಯಮ್ಸ್ ಕಾಲೇಜಿನ ಅಧ್ಯಕ್ಷರೇ ಕೆಲವು ವಿದ್ಯಾರ್ಥಿಗಳೊಡನೆ ಹೊರಟು ಆಮ್ಹರ್ಸ್ಟ್‌ನಲ್ಲಿ ಬೇರೆ ಕಾಲೇಜು ಕಟ್ಟಲು ಹೋದಾಗ, ತಾವು ಓದಿದ ಕಾಲೇಜು ಮುಚ್ಚಿಹೋಗದಂತೆ ಉಳಿಸಿಕೊಳ್ಳಲು ಅಲ್ಲಿನ ಹಳೆಯ ವಿದ್ಯಾರ್ಥಿಗಳು ಒಂದಾಗಿ ಸಂಘ ಕಟ್ಟಿದರು. ಆ ಬಗೆಯ ಸಂಘಗಳಲ್ಲಿ ಅದೇ ಅತಿ ಹಳೆಯದೆಂದು ಹೇಳುತ್ತಾರೆ. ಓದಿದ ಜಾಗದ ಮೇಲಿನ ಆ ಅಕ್ಕರೆಯೇ ಇಂದಿಗೂ ಈ ಬಳಗದ ಬಂಡವಾಳ. ನಿಮ್ಮನ್ನು ಎಂದೂ ಕಂಡಿರದ ವ್ಯಕ್ತಿ ನಿಮ್ಮ ಪತ್ರಕ್ಕೆ ಉತ್ತರ ಬರೆಯುವುದು ಆ ಕಾರಣಕ್ಕೇ.

ಆಪ್ತ ಗೆಳೆಯರಿರುವಾಗ ಅಪರಿಚಿತರಿಂದ ಏನು ಪ್ರಯೋಜನ ಎಂಬ ಪ್ರಶ್ನೆಗೆ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ಕೊಡುತ್ತದೆ. ಬಾಸ್ಟನ್ ಬಳಿಯ ಊರೊಂದರಲ್ಲಿ ಹೊಸದಾಗಿ ಉದ್ಯೋಗ ಬದಲಿಸಿದವರನ್ನು ಅವರು ಮಾತನಾಡಿಸಿದಾಗ, ಪರಿಚಯದ ಮೂಲಕ ಕೆಲಸ ಸಿಕ್ಕವರಲ್ಲಿ ಶೇ. 16.7ರಷ್ಟು ಜನ ಮಾತ್ರ ಆ ಪರಿಚಿತರನ್ನು ಆಗ ವಾರಕ್ಕೆರಡು ಬಾರಿಯಾದರೂ ಭೇಟಿಯಾಗುತ್ತಿದ್ದರು. ಶೇ. 55.6ರಷ್ಟು ಜನ ಆಗೊಮ್ಮೆ ಈಗೊಮ್ಮೆ, ಶೇ. 27.8ರಷ್ಟು ಜನ ವರ್ಷಕ್ಕೊಮ್ಮೆ ಅಥವಾ ಅದಕ್ಕೂ ಕಡಿಮೆ. ಕಾರಣ ಸರಳ: ನಿಮ್ಮ ಆಪ್ತರಿಗೆ ಗೊತ್ತಿರುವುದು ಬಹುಮಟ್ಟಿಗೆ ನಿಮಗೂ ಗೊತ್ತಿರುತ್ತದೆ, ದೂರದ ಪರಿಚಿತರು ಬೇರೆ ವಲಯದ ಸುದ್ದಿ ತರುತ್ತಾರೆ. 2022ರಲ್ಲಿ ಲಿಂಕ್ಡ್‌ಇನ್‌ನ ಎರಡು ಕೋಟಿಗೂ ಹೆಚ್ಚು ಬಳಕೆದಾರರನ್ನು ಒಳಗೊಂಡ ಪ್ರಯೋಗಗಳ ಫಲಿತಾಂಶ ಪ್ರಕಟವಾದಾಗ ಈ ಮಾತಿಗೆ ಮತ್ತಷ್ಟು ಬಲ ಬಂತು. ತೀರ ದೂರದವರೂ ಅಲ್ಲದ, ತೀರ ಹತ್ತಿರದವರೂ ಅಲ್ಲದ ಪರಿಚಯಗಳೇ ಉದ್ಯೋಗ ಬದಲಾವಣೆಗೆ ಹೆಚ್ಚು ನೆರವಾಗುತ್ತವೆ ಎಂದು ಅದು ತೋರಿಸಿತು. ಒಂದೇ ವಿಭಾಗದಲ್ಲಿ, ಅದೇ ಅಧ್ಯಾಪಕರ ಕೈಕೆಳಗೆ ನಾಲ್ಕೈದು ವರ್ಷ ಮೊದಲು ಓದಿದವರು ಹೆಚ್ಚುಕಡಿಮೆ ಆ ನಡುವಿನ ದೂರದಲ್ಲೇ ಇರುತ್ತಾರೆ.

ಹುಡುಕಲು ಸಂಘದ ಪಟ್ಟಿ, ಲಿಂಕ್ಡ್‌ಇನ್ ಎಂದು ಎಲ್ಲರೂ ಹೇಳುತ್ತಾರೆ. ನಾನು ಇನ್ನೊಂದು ಜಾಗ ಹೇಳುತ್ತೇನೆ: ನಿಮ್ಮ ವಿಭಾಗದ ಬೀರುವಿನಲ್ಲಿ ಧೂಳು ಹಿಡಿದಿರುವ ಹಳೆಯ ಪ್ರಾಜೆಕ್ಟ್ ವರದಿಗಳು. ನಿಮ್ಮ ಆಸಕ್ತಿಯ ವಿಷಯದ ಮೇಲೆ ಹಿಂದೆ ಯಾರು ಕೆಲಸ ಮಾಡಿದ್ದರು ಎಂಬುದು ರಕ್ಷಾಪುಟದ ಮೇಲೆಯೇ ಇರುತ್ತದೆ. ಅವರು ಈಗ ಎಲ್ಲಿದ್ದಾರೆಂದು ಮಾರ್ಗದರ್ಶಕರಾಗಿದ್ದ ಅಧ್ಯಾಪಕರಿಗೆ ಗೊತ್ತಿರುವ ಸಾಧ್ಯತೆ ಹೆಚ್ಚು. ತನ್ನ ಹಳೆಯ ವರದಿಯನ್ನು ಯಾರೋ ಓದಿದ್ದಾರೆ ಎಂದು ತಿಳಿದು ಸಂತೋಷಪಡದವರನ್ನು ನಾನು ಕಂಡಿಲ್ಲ. ಕಂಪನಿಯ ಅತಿ ಎತ್ತರದ ಹುದ್ದೆಯಲ್ಲಿರುವವರನ್ನು ಹುಡುಕಿಕೊಂಡು ಹೋಗಬೇಡಿ. ಪದವಿ ಮುಗಿಸಿ ಮೂರರಿಂದ ಆರು ವರ್ಷವಾದವರಿಗೆ ನಿಮ್ಮ ಸ್ಥಿತಿ ಇನ್ನೂ ನೆನಪಿರುತ್ತದೆ, ಹೊಸಬರನ್ನು ತೆಗೆದುಕೊಳ್ಳುವಾಗ ಏನನ್ನು ನೋಡುತ್ತಾರೆ ಎಂಬುದೂ ಗೊತ್ತಿರುತ್ತದೆ.

ಪತ್ರ ಹೀಗಿರಲಿ:

‘ನಮಸ್ಕಾರ ಮೇಡಂ. ನಾನು ನೀವು ಓದಿದ ವಿಭಾಗದಲ್ಲೇ ಮೂರನೆಯ ವರ್ಷದ ವಿದ್ಯಾರ್ಥಿ. ನೀರಿನ ಶುದ್ಧೀಕರಣದ ಬಗ್ಗೆ ನೀವು ಮಾಡಿದ ಪ್ರಾಜೆಕ್ಟ್ ವರದಿಯನ್ನು ಈ ವಾರ ಓದಿದೆ. ನಾಲ್ಕನೆಯ ಅಧ್ಯಾಯದಲ್ಲಿ ನೀವು ಬಿಟ್ಟುಹೋದ ಪ್ರಶ್ನೆಯಿಂದಲೇ ನನ್ನ ಕೆಲಸ ಆರಂಭವಾಗುತ್ತಿದೆ. ಈ ಓದಿನಿಂದ ನೀವು ಈಗಿನ ಉದ್ಯೋಗಕ್ಕೆ ಬಂದ ದಾರಿಯ ಬಗ್ಗೆ ಮೂರು ಪ್ರಶ್ನೆ ಕೇಳುವುದಿದೆ. ನಿಮಗೆ ಅನುಕೂಲವಾದ ದಿನ ಇಪ್ಪತ್ತು ನಿಮಿಷ ಫೋನಿನಲ್ಲಿ ಮಾತನಾಡಲು ಸಾಧ್ಯವೇ? ಬಿಡುವಿಲ್ಲದಿದ್ದರೆ ಪ್ರಶ್ನೆಗಳನ್ನು ಬರೆದು ಕಳುಹಿಸುತ್ತೇನೆ.’

ಇದರಲ್ಲಿ ಕೆಲಸ ಕೊಡಿಸಿ ಎಂಬ ಬೇಡಿಕೆಯಿಲ್ಲ, ಜೊತೆಗೆ ರೆಸ್ಯೂಮೆಯೂ ಇಲ್ಲ. ಇದನ್ನು ಇನ್ನೊಬ್ಬರಿಗೆ ಹಾಗೆಯೇ ಕಳುಹಿಸಲಾಗದು ಎಂಬುದೇ ಇದರ ಗುಣ. ಉತ್ತರ ಬಾರದಿದ್ದರೆ ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿ, ಅಲ್ಲಿಗೆ ಬಿಟ್ಟುಬಿಡಿ.

ಆರನೆಯ ಹೆಜ್ಜೆ: ಮಾತುಕತೆ ಮತ್ತು ಅದರ ನಂತರ

‘ನನಗೆ ಸಲಹೆ ಕೊಡಿ’ ಎಂದರೆ ಎಲ್ಲರಿಗೂ ಹೇಳುವ ಮಾತನ್ನೇ ನಿಮಗೂ ಹೇಳುತ್ತಾರೆ. ‘ಕಳೆದ ವಾರ ನಿಮ್ಮ ಹೆಚ್ಚಿನ ಸಮಯ ಯಾವ ಕೆಲಸಕ್ಕೆ ಹೋಯಿತು?’, ‘ಪದವಿಯಲ್ಲಿ ಓದಿದ ಯಾವುದು ನಿಜಕ್ಕೂ ಬಳಕೆಗೆ ಬಂತು?’, ‘ಹೊಸಬರು ಮೊದಲ ವರ್ಷ ಎಲ್ಲಿ ಎಡವುತ್ತಾರೆ?’ ಎಂದು ಕೇಳಿದರೆ ಯಾವ ಪಠ್ಯದಲ್ಲೂ ಸಿಗದ ಉತ್ತರ ಬರುತ್ತದೆ. ಮೊದಲ ಹೆಜ್ಜೆಯಲ್ಲಿ ಮಾಡಿದ ಮೂರು ಪಟ್ಟಿಗಳನ್ನು ಈ ಉತ್ತರಗಳ ಬೆಳಕಿನಲ್ಲಿ ತಿದ್ದಿಕೊಳ್ಳಿ. ಕೊನೆಯಲ್ಲಿ, ‘ಈ ವಿಷಯದಲ್ಲಿ ನಾನು ಇನ್ನು ಯಾರೊಡನೆ ಮಾತನಾಡಿದರೆ ಒಳ್ಳೆಯದು?’ ಎಂದು ಕೇಳಲು ಮರೆಯಬೇಡಿ.

ಮರುದಿನ ಧನ್ಯವಾದ ತಿಳಿಸುವವರು ಬಹಳ ಮಂದಿ. ಮೂರು ವಾರಗಳ ನಂತರ, ‘ನೀವು ಹೇಳಿದಂತೆ ಆ ತಂತ್ರಾಂಶ ಕಲಿಯಲು ಆರಂಭಿಸಿದೆ, ಪ್ರಾಜೆಕ್ಟ್‌ನಲ್ಲಿ ಹೀಗೆ ಬಳಸಿದೆ’ ಎಂದು ಬರೆಯುವವರು ತೀರ ಕಡಿಮೆ. ಪರಿಚಯವು ವಿಶ್ವಾಸವಾಗಿ ಬದಲಾಗುವುದು ಈ ಎರಡನೆಯ ಪತ್ರದಲ್ಲಿ, ಏಕೆಂದರೆ ಆಗ ಅವರು ನಿಮ್ಮ ಮಾತನ್ನಲ್ಲ, ಕೆಲಸವನ್ನು ಕಂಡಿರುತ್ತಾರೆ.

ಮುಂದೆ ಅವರ ಕಂಪನಿಯಲ್ಲಿ ಹುದ್ದೆ ತೆರೆದಾಗ ನಿಮ್ಮ ಹೆಸರನ್ನು ಸೂಚಿಸಲು ಕೇಳಬಹುದು. ಹುದ್ದೆಯ ಸಂಖ್ಯೆ, ನಿಮ್ಮ ರೆಸ್ಯೂಮೆ, ಆ ಹುದ್ದೆಗೆ ನೀವು ಏಕೆ ಹೊಂದುತ್ತೀರಿ ಎಂಬ ಎರಡು ಸಾಲು, ಇಷ್ಟನ್ನು ಒಂದೇ ಪತ್ರದಲ್ಲಿ ಕಳುಹಿಸಿ. ಹೆಸರು ಸೂಚಿಸಿದವರು ತಮ್ಮ ಮಾತಿನ ತೂಕವನ್ನು ನಿಮಗಾಗಿ ಪಣಕ್ಕಿಟ್ಟಿರುತ್ತಾರೆ. ಆದ್ದರಿಂದ ಸಂದರ್ಶನಕ್ಕೆ ಹೋಗದಿದ್ದರೆ, ಬಂದ ಅವಕಾಶವನ್ನು ಒಪ್ಪದಿದ್ದರೆ, ಆ ವಿಷಯ ಮೊದಲು ಅವರಿಗೆ ನಿಮ್ಮಿಂದಲೇ ತಿಳಿಯಬೇಕು.

ಮನೆಯಲ್ಲಿ ಮೊದಲ ಬಾರಿಗೆ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ವಿದ್ಯಾರ್ಥಿಗಳು ಈ ಹೆಜ್ಜೆಯಲ್ಲೇ ಹೆಚ್ಚು ಹಿಂಜರಿಯುತ್ತಾರೆ. ‘ಯಾರ ಪರಿಚಯವೂ ಇಲ್ಲದೆ ಹೇಗೆ ಬರೆಯುವುದು ಸರ್’ ಎಂದು ಕೇಳುತ್ತಾರೆ. ಉಳಿದವರಿಗೆ ಚಿಕ್ಕಪ್ಪನೋ ಅತ್ತೆಯೋ ಊಟದ ಹೊತ್ತಿನಲ್ಲಿ ಹೇಳಿಬಿಡುವ ಸಂಗತಿಗಳನ್ನು ಇವರು ಪತ್ರ ಬರೆದೇ ತಿಳಿಯಬೇಕು. ಅಂಥವರು ನೆರವು ಕೇಳುವುದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಅಧ್ಯಾಪಕರು ಮಾಡಬಹುದಾದ ಕೆಲಸವೂ ಒಂದಿದೆ: ವಿದ್ಯಾರ್ಥಿಗಳ ಪತ್ರಕ್ಕೆ ಉತ್ತರಿಸಲು ಒಪ್ಪಿದ ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನು ಉದ್ಯೋಗವಾರು ಮಾಡಿ ವಿಭಾಗದಲ್ಲಿ ಇಟ್ಟುಬಿಟ್ಟರೆ, ಮೊದಲ ಪತ್ರದ ಭಯ ಅರ್ಧಕ್ಕರ್ಧ ಇಳಿಯುತ್ತದೆ.

ಕೊನೆಯ ಹೆಜ್ಜೆ: ಹೊರಡುವ ಮುನ್ನ

ವಿಶ್ವವಿದ್ಯಾಲಯ ಕೊಟ್ಟ ಇಮೇಲ್ ಖಾತೆ ಎಷ್ಟೋ ಕಡೆ ಪದವಿ ಮುಗಿದ ಕೆಲವು ತಿಂಗಳಲ್ಲಿ ಮುಚ್ಚುತ್ತದೆ. ಮೇಲ್ವಿಚಾರಕರ, ಅಧ್ಯಾಪಕರ, ಹಳೆಯ ವಿದ್ಯಾರ್ಥಿಗಳ ವಿಳಾಸಗಳೆಲ್ಲ ಅದರೊಳಗೇ ಉಳಿದು ಹೋದವರನ್ನು ನಾನು ಕಂಡಿದ್ದೇನೆ. ಆದ್ದರಿಂದ ಕೊನೆಯ ಪರೀಕ್ಷೆಗೂ ಮೊದಲೇ ಆ ವಿಳಾಸಗಳನ್ನು ನಿಮ್ಮ ಸ್ವಂತ ಖಾತೆಗೆ ಇಳಿಸಿಕೊಳ್ಳಿ, ಹೊಸ ವಿಳಾಸವನ್ನು ಅವರೆಲ್ಲರಿಗೂ ತಿಳಿಸಿ. ಶಿಫಾರಸು ಪತ್ರ ಬೇಕಾಗಬಹುದಾದ ಅಧ್ಯಾಪಕರಿಗೆ ನಿಮ್ಮ ಪ್ರಾಜೆಕ್ಟ್‌ನ ಸಾರಾಂಶವನ್ನು ಒಂದು ಪುಟದಲ್ಲಿ ಬರೆದುಕೊಡಿ. ಎರಡು ವರ್ಷ ಬಿಟ್ಟು ಕೇಳಿದಾಗ ಅವರ ನೆನಪಿಗೆ ಅದೇ ಆಧಾರವಾಗುತ್ತದೆ. ಹಳೆಯ ವಿದ್ಯಾರ್ಥಿಗಳ ಸಂಘದಲ್ಲಿ ಸ್ವಂತ ಇಮೇಲ್ ಕೊಟ್ಟು ಹೆಸರು ನೋಂದಾಯಿಸಿ, ‘ವಿದ್ಯಾರ್ಥಿಗಳು ಸಂಪರ್ಕಿಸಬಹುದು’ ಎಂಬ ಚೌಕವಿದ್ದರೆ ಅದಕ್ಕೆ ಗುರುತು ಹಾಕಿ. ನಿಮ್ಮ ಪ್ರಾಜೆಕ್ಟ್ ವರದಿಯ ಒಂದು ಪ್ರತಿಯನ್ನು, ಅಲ್ಲಿ ನೀವು ಮುಗಿಸಲಾಗದೆ ಬಿಟ್ಟ ಪ್ರಶ್ನೆಯನ್ನು ಸ್ಪಷ್ಟವಾಗಿ ಬರೆದು, ವಿಭಾಗದ ಆ ಬೀರುವಿನಲ್ಲಿ ಇಟ್ಟು ಬನ್ನಿ.